ಮುದಿ ನಾಯಿಗೆ ಮೀನೆಣ್ಣೆ, ಮುದಿ ಬೆಕ್ಕಿಗೆ ತಾರ್ಲೆ

ಈ ತಿಂಗಳ ಅಂಚೆ ಚೀಲಕ್ಕೆಲ್ಲ ಮೀನೆಣ್ಣೆಯದೇ ವಾಸನೆ. ವಯಸ್ಸಾದ ನಾಯಿ, ಬೆಕ್ಕು, ದನಗಳಿಗೆ ಮೀನೆಣ್ಣೆ ಕೊಡಬಹುದೇ, ಅದು ಮುಪ್ಪು ತಡೆಯುತ್ತದೆ ಅನ್ನುವುದು ನಿಜವೇ ಎಂದು ಮುಂಬಯಿ, ಪುಣೆ, ಗೋವಾದ ಓದುಗರು ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ 11 ವರ್ಷ, ತೂಕ 30 ಕಿಲೋ. ಮಲಗಿ ಏಳುವಾಗ ಹಿಂಗಾಲು ಎಳೆಯುತ್ತದೆ. ಎಕ್ಸ್‌ರೇ ನೋಡಿ ಕೀಲು ಸವೆತ ಅಂದಿದ್ದಾರೆ. ನಾನು ನುಂಗುವ ಮೀನೆಣ್ಣೆ ಕ್ಯಾಪ್ಸೂಲನ್ನೇ ಅದಕ್ಕೂ ದಿನಕ್ಕೊಂದು ಕೊಡುತ್ತಿದ್ದೇನೆ. ಮೂರು ವಾರವಾದರೂ ವ್ಯತ್ಯಾಸ ಕಾಣುತ್ತಿಲ್ಲ. ಡೋಸ್ ಸಾಲದೇ? — ಮುಲುಂಡ್‌ನ ಓದುಗರು

ಉತ್ತರ: ಡೋಸೂ ಸಾಲದು, ಮೂರು ವಾರವೂ ಸಾಲದು. ಮೊದಲು ಡಬ್ಬಿಯ ಹಿಂಬದಿ ಓದಿ. ಮುಂದೆ ದಪ್ಪಕ್ಷರದಲ್ಲಿರುವ 1000 ಮಿಲಿಗ್ರಾಂ ಬರೀ ಎಣ್ಣೆಯ ತೂಕ. ಕೆಲಸ ಮಾಡುವುದು ಅದರೊಳಗಿನ ಒಮೆಗಾ-3 ಕೊಬ್ಬಿನಾಮ್ಲಗಳಾದ ಇಪಿಎ ಮತ್ತು ಡಿಎಚ್‌ಎ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಎರಡೂ ಸೇರಿ 300 ಮಿಲಿಗ್ರಾಂ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ 300.

ನಾಯಿಯ ಡೋಸನ್ನು ನೇರವಾಗಿ ಕಿಲೋಗೆ ಇಷ್ಟು ಎಂದು ಗುಣಿಸುವುದಿಲ್ಲ. ತೂಕದ 0.75 ಘಾತ ತೆಗೆಯಬೇಕು. ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು: ತೂಕವನ್ನು ಮೂರು ಸಲ ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ಒತ್ತಿ. 30 × 30 × 30 = 27,000. ಮೊದಲ ವರ್ಗಮೂಲ 164, ಎರಡನೆಯದು 12.8. ನಿಮ್ಮ ನಾಯಿಯ ಅಂಕಿ ಇದು. ಆರೋಗ್ಯವಂತ ನಾಯಿಗೆ ಈ ಅಂಕಿಯ 30 ಪಟ್ಟು, ಅಂದರೆ ಸುಮಾರು 385 ಮಿಲಿಗ್ರಾಂ ಸಾಕು. ಕೀಲು ಸವೆತಕ್ಕೆ ಪಶುವೈದ್ಯರು ಹಿಡಿಯುವುದು 310 ಪಟ್ಟು, ಸುಮಾರು 3,970 ಮಿಲಿಗ್ರಾಂ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2006ರಲ್ಲಿ ಹಾಕಿದ ಗರಿಷ್ಠ ಮಿತಿ 370 ಪಟ್ಟು, ಸುಮಾರು 4,740. ಕೀಲಿನ ಡೋಸ್ ಮಿತಿಯ ಅಂಚಿಗೇ ಬಂದು ನಿಲ್ಲುತ್ತದೆ ಅನ್ನುವುದನ್ನು ಗಮನಿಸಿ. ತಾನಾಗಿ ಏರಿಸಿಕೊಂಡು ಹೋಗುವ ಡೋಸ್ ಇದಲ್ಲ.

3,970 ಮಿಲಿಗ್ರಾಂ ಎಂದರೆ ನಿಮ್ಮ ಕ್ಯಾಪ್ಸೂಲು ದಿನಕ್ಕೆ ಹದಿಮೂರು, ಅಂದರೆ 13 ಗ್ರಾಂ ಕೊಬ್ಬು, ಸುಮಾರು 117 ಕ್ಯಾಲರಿ. ಒಂದು ಚಪಾತಿಗಿಂತ ಹೆಚ್ಚೇ. ಅಷ್ಟನ್ನು ಊಟದಲ್ಲಿ ಕಡಿಮೆ ಮಾಡದಿದ್ದರೆ ಎರಡು ತಿಂಗಳಲ್ಲಿ ನಾಯಿ ದಪ್ಪಗಾಗುತ್ತದೆ, ಕೀಲಿಗೆ ಎಣ್ಣೆಯಿಂದ ಸಿಕ್ಕ ಸುಖವನ್ನು ತೂಕವೇ ನುಂಗಿಹಾಕುತ್ತದೆ. ಈಗಾಗಲೇ ಕೀಲಿಗೆಂದೇ ಮಾಡಿದ ಪೊಟ್ಟಣದ ಆಹಾರ ಕೊಡುತ್ತಿದ್ದರೆ ಅದರಲ್ಲೂ ಮೀನೆಣ್ಣೆ ಇರುತ್ತದೆ, ಅದನ್ನೂ ಕೂಡಿಸಿ.

ಶುರು ಮಾಡುವ ಕ್ರಮ: ಊಟದ ಜೊತೆ ಒಂದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೊಂದು ಏರಿಸಿ ಆರಕ್ಕೆ ನಿಲ್ಲಿಸಿ. ಭೇದಿಯಾದರೆ ಒಂದು ಮೆಟ್ಟಿಲು ಇಳಿಯಿರಿ. ಜೀವಕೋಶದ ಪೊರೆಯೊಳಗೆ ಈ ಕೊಬ್ಬು ಹಳೆಯದರ ಜಾಗ ಹಿಡಿಯಲು ಆರರಿಂದ ಹನ್ನೆರಡು ವಾರ ಬೇಕು, ಅಲ್ಲಿಯವರೆಗೆ ಫಲ ಕೇಳಬೇಡಿ. ಆರರಿಂದ ಮೇಲಕ್ಕೆ ಹೋಗುವುದು ನಿಮ್ಮ ಡಾಕ್ಟರು ನೋಡಿದ ಮೇಲೆ. ಹಿಂದೆ ಪ್ಯಾಂಕ್ರಿಯಾಸ್ ಊತ ಬಂದಿದ್ದ ನಾಯಿಗೆ ಇದನ್ನು ಶುರುವೇ ಮಾಡಬಾರದು. ಮನುಷ್ಯರ ಗಮ್ಮಿ ರೂಪದ ಮೀನೆಣ್ಣೆಯಲ್ಲಿ ಸಿಹಿಗೆ ಜೈಲಿಟಾಲ್ ಇರಬಹುದು. ಅದು ನಾಯಿಗೆ ವಿಷ.

ಇನ್ನೊಂದು ಮಾತು. ಕಾಡ್ ಲಿವರ್ ಎಣ್ಣೆಯೂ ಮೀನೆಣ್ಣೆಯೂ ಒಂದೇ ಎಂದು ಅಂಗಡಿಯವರೇ ಹೇಳುವುದುಂಟು. ಒಂದೇ ಅಲ್ಲ. ಅದು ಮೀನಿನ ಪಿತ್ತಜನಕಾಂಗದಿಂದ ತೆಗೆದದ್ದು, ವಿಟಮಿನ್ ಎ ಮತ್ತು ಡಿ ತುಂಬಿರುತ್ತದೆ. ಮೇಲಿನ ಲೆಕ್ಕಕ್ಕೆ ಅದನ್ನು ಸುರಿದರೆ ಈ ವಿಟಮಿನ್‌ಗಳು ಅತಿಯಾಗಿ ವಿಷವಾಗಬಹುದು.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಓದುತ್ತಿದ್ದೇನೆ. ಮೀನೆಣ್ಣೆ ಮುದಿ ಇಲಿಗಳಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ (ಆಮ್ಲಜನಕದ ಚುರುಕು ಅಣುಗಳಿಂದಾಗುವ ಹಾನಿ) ತಗ್ಗಿಸಿತು ಎಂದು ಒಂದು ಪ್ರಬಂಧ, ಹೆಚ್ಚಿಸಿ ಆಯಸ್ಸು ಕಡಿಮೆ ಮಾಡಿತು ಎಂದು ಇನ್ನೊಂದು. ಯಾವುದನ್ನು ನಂಬಲಿ? — ಪುಣೆಯ ವಿದ್ಯಾರ್ಥಿನಿ

ಉತ್ತರ: ಎರಡನ್ನೂ ನಂಬಿ. ಆದರೆ ಯಾವ ಇಲಿ, ಏನನ್ನು ಅಳೆದರು, ಮೇವನ್ನು ಹೇಗೆ ಇಟ್ಟಿದ್ದರು ಎಂದು ಕೇಳಿದ ಮೇಲೆ.

ಇಲಿಯಿಂದಲೇ ಶುರು ಮಾಡೋಣ. ಅಮೆರಿಕದಲ್ಲಿ ಗೇಬ್ರಿಯಲ್ ಫರ್ನಾಂಡಿಸ್ ಅವರ ಗುಂಪು 1990ರ ದಶಕದಲ್ಲಿ ಕೆಲಸ ಮಾಡಿದ್ದು ನ್ಯೂಜಿಲೆಂಡ್ ಬ್ಲ್ಯಾಕ್ ಮತ್ತು ವೈಟ್ ತಳಿಗಳ ಬೆರಕೆ ಇಲಿಗಳ ಮೇಲೆ. ಇವಕ್ಕೆ ಹುಟ್ಟಿನಿಂದಲೇ ಲೂಪಸ್ ತರಹದ ಕಾಯಿಲೆ. ತಮ್ಮದೇ ರೋಗನಿರೋಧಕ ಪಡೆ ಮೂತ್ರಪಿಂಡ ತಿಂದುಹಾಕಿ ಸಾಯುತ್ತವೆ. ಮೀನೆಣ್ಣೆ ಕೊಟ್ಟಾಗ ಕ್ಯಾಟಲೇಸ್, ಸೂಪರ್ ಆಕ್ಸೈಡ್ ಡಿಸ್‌ಮ್ಯುಟೇಸ್, ಗ್ಲುಟಾಥಯಾನ್ ಪೆರಾಕ್ಸಿಡೇಸ್ ಎಂಬ ರಕ್ಷಣಾ ಕಿಣ್ವಗಳು ಏರಿದವು, ಆಯಸ್ಸೂ ಏರಿತು. ಉರಿಯೂತದಿಂದಲೇ ಸಾಯುವ ಇಲಿಗೆ ಉರಿಯೂತ ಇಳಿಸುವ ಕೊಬ್ಬು ವರವಾಗದೆ ಇನ್ನೇನಾದೀತು? ಜಪಾನಿನವರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಇಲಿಯದು. ಕ್ಯೋಟೋದಲ್ಲಿ ಬೆಳೆಸಿದ, ಬೇಗ ಮುಪ್ಪಾಗುವ ಸ್ಯಾಂಪ್-8 ತಳಿ. ಅದಕ್ಕೆ ಆಕ್ಸಿಡೇಟಿವ್ ಹಾನಿ ಮೊದಲೇ ಹೆಚ್ಚು. ದೀರ್ಘಕಾಲ ಮೀನೆಣ್ಣೆ ತಿಂದಾಗ ಹಾನಿ ಇನ್ನೂ ಏರಿ ಆಯಸ್ಸು ಇಳಿಯಿತು. ಮೊದಲನೆಯದರಲ್ಲಿ ಬೆಂಕಿ ಹಚ್ಚುವವನನ್ನು ಹಿಡಿದರು, ಎರಡನೆಯದರಲ್ಲಿ ಉರಿಯುವ ಮನೆಗೆ ಸೌದೆ ಹೊತ್ತರು.

ಸೌದೆ ಅನ್ನಲು ಕಾರಣವಿದೆ. ಕೊಬ್ಬಿನಾಮ್ಲದಲ್ಲಿ ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದಿಂದ ಹೈಡ್ರೋಜನ್ ಕಿತ್ತುಕೊಳ್ಳುವುದು ಒಂಟಿ ಎಲೆಕ್ಟ್ರಾನ್ ಹೊತ್ತ ಫ್ರೀ ರ್‍ಯಾಡಿಕಲ್‌ಗೆ ಸುಲಭ. ಸೂರ್ಯಕಾಂತಿ ಎಣ್ಣೆಯ ಲಿನೋಲಿಕ್ ಆಮ್ಲದಲ್ಲಿ ಅಂಥ ಬಡಕಲು ಜಾಗ ಒಂದು, ಇಪಿಎಯಲ್ಲಿ ನಾಲ್ಕು, ಡಿಎಚ್‌ಎಯಲ್ಲಿ ಐದು. ಒಂದು ಅಣು ಹತ್ತಿಕೊಂಡರೆ ಪಕ್ಕದ್ದಕ್ಕೆ ದಾಟಿಸುತ್ತದೆ. ಈ ಸರಪಳಿಯನ್ನು ಪೊರೆಯೊಳಗೆ ಕಡಿಯುವ ಮುಖ್ಯ ಆಳು ವಿಟಮಿನ್ ಇ. ಆದ್ದರಿಂದ ಮೀನೆಣ್ಣೆ ಆ್ಯಂಟಿ-ಆಕ್ಸಿಡೆಂಟ್ ಅಲ್ಲ. ಆ್ಯಂಟಿ-ಆಕ್ಸಿಡೆಂಟನ್ನು ತಿನ್ನುವ ಪದಾರ್ಥ. ಒಳಿತು ಬರುವುದು ಬೇರೆ ದಾರಿಯಿಂದ: ಇಪಿಎ ಅರಾಕಿಡೋನಿಕ್ ಆಮ್ಲ ಎಂಬ ಒಮೆಗಾ-6 ಕೊಬ್ಬಿನ ಜಾಗ ಹಿಡಿದು ಉರಿಯೂತದ ಸಂಕೇತಗಳನ್ನು ಮೆತ್ತಗಾಗಿಸುತ್ತದೆ, ಬಿಳಿ ರಕ್ತಕಣಗಳು ಉಗುಳುವ ಸೂಪರ್ ಆಕ್ಸೈಡ್ ಕಡಿಮೆಯಾಗುತ್ತದೆ. ಅಲ್ಪಸ್ವಲ್ಪ ಹಳಸಿದ ಅಣುಗಳು ಎನ್‌ಆರ್‌ಎಫ್-2 ಎಂಬ ಕೀಲಿ ತಿರುಗಿಸಿ ಜೀವಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಬ್ಬಿಸುವುದೂ ಉಂಟು.

ಎಷ್ಟಾದರೆ ಅತಿ ಎನ್ನುವುದಕ್ಕೆ ನೀವು ಓದಲೇಬೇಕಾದದ್ದು 1997ರ ಮುದಿ ಬೀಗಲ್ ನಾಯಿಗಳ ಅಧ್ಯಯನ. ಒಮೆಗಾ-6 ಮತ್ತು ಒಮೆಗಾ-3ರ ಅನುಪಾತ 31:1, 5.4:1, 1.4:1 ಆಗಿರುವಂತೆ ಮೂರು ಬಗೆಯ ಆಹಾರ ಕೊಟ್ಟರು. ಕೊನೆಯದರಲ್ಲಿ, ಅಂದರೆ ಒಮೆಗಾ-3 ಧಾರಾಳವಾದಾಗ, ಕೊಬ್ಬಿನ ಉತ್ಕರ್ಷಣ (ಆಮ್ಲಜನಕ ಸೇರಿ ಹಳಸುವುದು) ಏರಿತು, ವಿಟಮಿನ್ ಇ ಇಳಿಯಿತು, ಚರ್ಮದ ಪರೀಕ್ಷೆಯಲ್ಲಿ ರೋಗನಿರೋಧಕ ಪ್ರತಿಕ್ರಿಯೆ ಮಂಕಾಯಿತು. ಮುದಿ ಪ್ರಾಣಿಗೆ ಈ ಮೂರನೆಯದು ಸಣ್ಣ ವಿಷಯವಲ್ಲ.

ಈಗ ಅಳತೆ. ಹೆಚ್ಚಿನ ಪ್ರಾಜೆಕ್ಟುಗಳಲ್ಲಿ ಥಯೋಬಾರ್ಬಿಟ್ಯೂರಿಕ್ ಆಮ್ಲ ಹಾಕಿ ಕುದಿಸಿ, ಬಂದ ಗುಲಾಬಿ ಬಣ್ಣವನ್ನು 532 ನ್ಯಾನೋಮೀಟರಿನ ಬೆಳಕಿನಲ್ಲಿ ಓದಿ, ಕೊಬ್ಬು ಹಳಸಿದಾಗ ಹುಟ್ಟುವ ಮ್ಯಾಲಾನ್‌ಡೈಆಲ್ಡಿಹೈಡ್ ಎಂದು ಬರೆಯುತ್ತಾರೆ. ಅಷ್ಟೇ ಹಾನಿಯಾದರೂ ದ್ವಿಬಂಧ ಹೆಚ್ಚಿರುವ ಕೊಬ್ಬು ಹೆಚ್ಚು ಗುಲಾಬಿ ಕೊಡುತ್ತದೆ, ಹಾಗಾಗಿ ಮೀನೆಣ್ಣೆ ಗುಂಪು ಕೆಟ್ಟದಾಗಿ ಕಾಣುತ್ತದೆ. ಸಕ್ಕರೆ, ಬಿಲಿರುಬಿನ್ ಕೂಡ ಈ ಪರೀಕ್ಷೆಯನ್ನು ಹಾದಿ ತಪ್ಪಿಸುತ್ತವೆ. ಇದಕ್ಕಿಂತ ನಾಜೂಕಿನದು ಎಫ್-2 ಐಸೊಪ್ರಾಸ್ಟೇನ್ ಎಂಬ ಇನ್ನೊಂದು ಗುರುತು. ಆದರೆ ಅದು ಹುಟ್ಟುವುದೇ ಅರಾಕಿಡೋನಿಕ್ ಆಮ್ಲದಿಂದ. ಮೀನೆಣ್ಣೆ ಆ ಆಮ್ಲವನ್ನೇ ಕಡಿಮೆ ಮಾಡುವುದರಿಂದ ಹಾನಿ ಇಳಿಯದಿದ್ದರೂ ಐಸೊಪ್ರಾಸ್ಟೇನ್ ಇಳಿಯುತ್ತದೆ, ಆಗ ಮೀನೆಣ್ಣೆ ಗುಂಪು ಒಳ್ಳೆಯದಾಗಿ ಕಾಣುತ್ತದೆ. ಒಂದೇ ಇಲಿಯಿಂದ ಎರಡು ತೀರ್ಪು! ಪ್ರೋಟೀನ್ ಹಾನಿಯ ಕಾರ್ಬೊನಿಲ್ ಅಥವಾ ಡಿಎನ್‌ಎ ಹಾನಿಯ 8-ಆಕ್ಸೊ ಡಿಆಕ್ಸಿಗ್ವಾನೊಸಿನ್, ಕೊಬ್ಬಿಗೆ ಸಂಬಂಧಿಸದ ಒಂದಾದರೂ ಅಳತೆ ಜೊತೆಗಿರಲಿ.

ಕೊನೆಯದಾಗಿ ಮೇವಿನ ಬಟ್ಟಲು. ಮೀನೆಣ್ಣೆ ಕಲಸಿದ ಪುಡಿಮೇವು ಕೋಣೆಯ ಶಾಖದಲ್ಲಿ ಒಂದೆರಡು ದಿನದಲ್ಲೇ ಹಳಸುತ್ತದೆ. ಮೈನಸ್ 20 ಡಿಗ್ರಿಯಲ್ಲಿ ನೈಟ್ರೋಜನ್ ತುಂಬಿ ಇಟ್ಟರೇ, ದಿನಾ ಬದಲಿಸಿದರೇ, ಹೋಲಿಕೆಯ ಮೇವಿಗೂ ಅಷ್ಟೇ ವಿಟಮಿನ್ ಇ ಹಾಕಿದರೇ? ವಿಧಾನದ ಭಾಗದಲ್ಲಿ ಇದು ಬರೆದಿಲ್ಲದಿದ್ದರೆ, ಆ ಪ್ರಬಂಧ ಮೀನೆಣ್ಣೆಯ ಬಗ್ಗೆಯೋ ಹಳಸಿದ ಮೀನೆಣ್ಣೆಯ ಬಗ್ಗೆಯೋ ಎಂದು ಗೊತ್ತಾಗುವ ದಾರಿಯಿಲ್ಲ.

ಪ್ರಶ್ನೆ: ಮಲ್ಪೆ ಕಡೆಯಿಂದ ಬಂದ ನೆಂಟರು ಐದು ಲೀಟರ್ ಕ್ಯಾನಿನಲ್ಲಿ ಬೂತಾಯಿ ಮೀನಿನ ಎಣ್ಣೆ ತಂದಿದ್ದಾರೆ. ದೋಣಿಗೆ ಬಳಿಯುವುದಂತೆ. ಇದೂ ಒಮೆಗಾ-3 ತಾನೇ? ನಾಯಿಯ ಅನ್ನಕ್ಕೆ ಹಾಕಬಹುದೇ? — ನವಿ ಮುಂಬಯಿಯ ಓದುಗರು

ಉತ್ತರ: ಬೇಡ. ಬೇಡ ಅನ್ನುವುದಕ್ಕೆ ದೋಣಿಯೇ ಸಾಕ್ಷಿ. ಮೀನೆಣ್ಣೆ ಬಳಿದ ಮರದ ಹಲಗೆ ಮೊದಲು ಜಿಡ್ಡಾಗಿರುತ್ತದೆ, ದಿನ ಕಳೆದಂತೆ ಅಂಟಾಗಿ, ಕೊನೆಗೆ ತೆಳು ಪೊರೆಯಾಗಿ ಗಟ್ಟಿಯಾಗುತ್ತದೆ. ನೀರು ಒಳಗೆ ಇಳಿಯದು. ಎಣ್ಣೆ ಒಣಗಿತು ಅನ್ನುತ್ತೇವೆ, ಆದರೆ ಅಲ್ಲಿ ಆವಿಯಾದದ್ದು ಏನೂ ಇಲ್ಲ. ಗಾಳಿಯ ಆಮ್ಲಜನಕ ದ್ವಿಬಂಧಗಳಿಗೆ ಸೇರಿ ಅಣುಗಳನ್ನು ಒಂದಕ್ಕೊಂದು ಹೆಣೆದಿದೆ. ತೆಂಗಿನೆಣ್ಣೆ ಬಳಿದು ನೋಡಿ, ತಿಂಗಳಾದರೂ ಜಿಡ್ಡೇ, ಅದರಲ್ಲಿ ದ್ವಿಬಂಧ ಬಲು ಕಡಿಮೆ. ದೋಣಿಗೆ ಮೀನೆಣ್ಣೆಯೇ ಬೇಕಾಗುವ ಗುಣವೂ ಹೊಟ್ಟೆಗೆ ಅದು ಜೋಪಾನದಿಂದ ಹೋಗಬೇಕಾದ ಗುಣವೂ ಒಂದೇ.

ಕ್ಯಾನಿನ ಎಣ್ಣೆ ಕಚ್ಚಾ ಎಣ್ಣೆ. ಮೀನು ಬೇಯಿಸಿ ಹಿಂಡಿ ತೆಗೆದದ್ದು, ಶುದ್ಧೀಕರಿಸಿಲ್ಲ. ಬಿಸಿಲು ಕಂಡಿದೆ, ಕ್ಯಾನಿನ ತಲೆಯ ಖಾಲಿ ಜಾಗದಲ್ಲಿ ಗಾಳಿಯಿದೆ. ತಿನ್ನುವ ಮೀನೆಣ್ಣೆಗೆ ಕಟ್ಟುನಿಟ್ಟಿನ ಮಾನದಂಡವುಂಟು: ಹಳಸಲು ಶುರುವಾದದ್ದನ್ನು ತೋರುವ ಪೆರಾಕ್ಸೈಡ್ ಮೌಲ್ಯ 5 ಮೀರಬಾರದು, ಮುಂದಿನ ಹಂತದ ಹಳಸಲನ್ನು ತೋರುವ ಅನಿಸಿಡಿನ್ ಮೌಲ್ಯ 20 ಮೀರಬಾರದು, ಮೊದಲನೆಯದರ ಎರಡರಷ್ಟಕ್ಕೆ ಎರಡನೆಯದನ್ನು ಕೂಡಿಸಿದ ಟೋಟಾಕ್ಸ್ 26 ಮೀರಬಾರದು. ದೋಣಿಯ ಎಣ್ಣೆಯಲ್ಲಿ ಇದನ್ನು ಯಾರೂ ನೋಡುವುದಿಲ್ಲ, ನೋಡಬೇಕಾದ ಅಗತ್ಯವೂ ದೋಣಿಗಿಲ್ಲ.

ಪ್ರಶ್ನೆ: ಅರ್ಧ ಲೀಟರ್ ಪಂಪ್ ಬಾಟಲಿ ತಂದೆ. ಹಾಳಾಗದಿರಲೆಂದು ಹಸಿರು ವಿಟಮಿನ್ ಇ ಕ್ಯಾಪ್ಸೂಲ್ ನಾಲ್ಕು ಚುಚ್ಚಿ ಅದರೊಳಗೇ ಹಿಂಡಿದ್ದೇನೆ. ಸರಿಯೇ? — ಡೊಂಬಿವಲಿಯ ಓದುಗರು

ಉತ್ತರ: ಯೋಚನೆ ಸರಿ, ಕೆಲಸ ಆಗದು. ಆ ಕ್ಯಾಪ್ಸೂಲಿನಲ್ಲಿರುವುದು ಟೊಕೊಫೆರಿಲ್ ಅಸಿಟೇಟ್. ರ್‍ಯಾಡಿಕಲನ್ನು ಹಿಡಿಯುವ ಕೈಗೆ ಅಲ್ಲಿ ಅಸಿಟೇಟಿನ ಕೈಚೀಲ ಕಟ್ಟಿರುತ್ತದೆ. ಕರುಳಿನಲ್ಲಿ ಅದನ್ನು ಬಿಚ್ಚಿದ ಮೇಲಷ್ಟೇ ಅದು ವಿಟಮಿನ್ ಇ ಆಗಿ ದುಡಿಯುತ್ತದೆ. ಬಾಟಲಿಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಎಣ್ಣೆ ಕಾಯುವುದು ಬಿಡಿ ಟೊಕೊಫೆರಾಲ್, ಅದನ್ನು ಒಳ್ಳೆಯ ತಯಾರಕರು ಮೊದಲೇ ಹಾಕಿರುತ್ತಾರೆ. ಲೇಬಲಿನಲ್ಲಿ ‘ಮಿಕ್ಸ್‌ಡ್ ಟೊಕೊಫೆರಾಲ್’ ಇದೆಯೇ ನೋಡಿ.

ಹಾಗೆಂದು ಹಸಿರು ಕ್ಯಾಪ್ಸೂಲು ವ್ಯರ್ಥವಲ್ಲ, ನಾಯಿಯ ಬಾಯಿಗೆ ಹೋಗಲಿ. ಬೆಕ್ಕಿನ ಆಹಾರ ತಯಾರಿಸುವವರಿಗೆ ಒಂದು ಗ್ರಾಂ ಮೀನೆಣ್ಣೆಗೆ ಹೆಚ್ಚುವರಿ 10 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಏಕಮಾನ) ವಿಟಮಿನ್ ಇ ಎಂಬ ಲೆಕ್ಕವಿದೆ. ನಾಯಿಗೂ ಅದನ್ನೇ ಹಿಡಿಯಬಹುದು. ದಿನಕ್ಕೆ 6 ಗ್ರಾಂ ಎಣ್ಣೆಗೆ 60 ಐಯು. 400ರ ಒಂದು ಕ್ಯಾಪ್ಸೂಲು ಸರಿಸುಮಾರು ವಾರಕ್ಕಾಯಿತು. ಇದನ್ನು ದೇಹ ಕೊಬ್ಬಿನಲ್ಲಿ ಕೂಡಿಡುವುದರಿಂದ 200ರದ್ದನ್ನು ವಾರಕ್ಕೆರಡು ಸಲ ಕೊಟ್ಟರೂ ನಡೆಯುತ್ತದೆ. ದಿನಾ 400 ಬೇಡ, ಅತಿಯಾದರೆ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡುತ್ತದೆ.

ಬಾಟಲಿಯ ಮಾತು ಬೇರೆ. ಒಂದೇ ನಾಯಿಗೆ ಅರ್ಧ ಲೀಟರು ದೊಡ್ಡದಾಯಿತು. ಆರು ವಾರದಲ್ಲಿ ಮುಗಿಯುವಷ್ಟು ಚಿಕ್ಕದನ್ನು ಕೊಳ್ಳಿ, ಕಡುಬಣ್ಣದ ಬಾಟಲಿ ಇರಲಿ, ತೆರೆದ ದಿನ ಮಾರ್ಕರಿನಿಂದ ಬರೆಯಿರಿ. ಮುಂಬಯಿಯ ಮೇ ತಿಂಗಳಲ್ಲಿ ಗ್ಯಾಸ್ ಒಲೆಯ ಪಕ್ಕದ ಕಟ್ಟೆ ಅದಕ್ಕೆ ಜಾಗವಲ್ಲ, ಫ್ರಿಜ್ಜಿನ ಒಳಗಿನ ಹಲಗೆಯಲ್ಲಿಡಿ. ಪಂಪಿನ ಮೂತಿಯನ್ನು ದಿನಾ ಒರೆಸಿ, ಮೊದಲು ಹಳಸುವುದು ಅಲ್ಲಿ ಕಟ್ಟಿಕೊಂಡ ಅಂಟು. ಎಣ್ಣೆ ಕಲಸಿದ ಅನ್ನ ಬೆಳಿಗ್ಗೆಯಿಂದ ಸಂಜೆವರೆಗೆ ಬಟ್ಟಲಲ್ಲಿ ಕೂರಬಾರದು. ತಿನ್ನುವ ಹೊತ್ತಿಗೆ ಮೇಲೆ ಹಾಕಿ.

ಹಾಳಾಗಿದೆಯೇ ಎಂದು ತಿಳಿಯಲು: ಮೀನಿನ ವಾಸನೆ ಬಂದರೆ ಹೆದರಬೇಡಿ. ಹಳೇ ಪೇಂಟಿನ, ಕಿಟಕಿಯ ಪುಟ್ಟಿಯ ಕಮಟು ಬಂದರೆ, ನಾಲಗೆಗೆ ಇಟ್ಟ ಹನಿ ಗಂಟಲು ಕೆರೆದರೆ ಚೆಲ್ಲಿ. ನಿಂಬೆ, ಕಿತ್ತಳೆ ಸುವಾಸನೆ ಹಾಕಿದ್ದರಲ್ಲಿ ಮೂಗು ಮೋಸಹೋಗುತ್ತದೆ, ಪ್ರಾಣಿಗೆಂದು ಅದನ್ನು ಕೊಳ್ಳಬೇಡಿ.

ಪ್ರಶ್ನೆ: ನಾವು ಧಾರವಾಡ ಕಡೆಯವರು, ಮನೆಯೊಳಗ ಮೀನು-ಮಾಂಸ ಇಲ್ಲ. ಮುದಿ ನಾಯಿಗೆ ಅಗಸಿ ಚಟ್ನಿಪುಡಿ ಹಾಕಿದರ ಒಮೆಗಾ-3 ಸಿಗೂದಿಲ್ಲೇನ್ರಿ? — ಚಿಂಚವಾಡದ ಓದುಗರು

ಉತ್ತರ: ಚಟ್ನಿಪುಡಿ ಮಾತ್ರ ಬ್ಯಾಡ್ರಿ. ಅದರೊಳಗಿನ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಅದೂ ಉತ್ಕರ್ಷಣದಿಂದಲೇ. ಬರೀ ಅಗಸೆ ಹುರಿದು ಪುಡಿ ಮಾಡಿ ಒಂದು ಚಮಚ ಹಾಕಿದರೆ ಮಲ ಸಲೀಸಾಗುತ್ತದೆ, ಇಡೀ ಬೀಜ ಹಾಕಿದರೆ ಹಾಗೇ ಹೊರಗೆ ಬರುತ್ತದೆ. ಒಮೆಗಾ-3 ಅದರಲ್ಲಿರುವುದು ನಿಜ, ಆದರೆ ಆಲ್ಫಾ ಲಿನೋಲೆನಿಕ್ ರೂಪದಲ್ಲಿ. ನಾಯಿ ಅದನ್ನು ಇಪಿಎ ಮಾಡಿಕೊಳ್ಳುವುದು ಅಲ್ಪ, ಡಿಎಚ್‌ಎ ಮುಟ್ಟುವುದು ಇನ್ನೂ ಅಲ್ಪ, ಬೆಕ್ಕಿಗಂತೂ ಬೇಕಾದ ಕಿಣ್ವವೇ ಹೆಚ್ಚುಕಡಿಮೆ ಇಲ್ಲ. ಮೀನು ಬೇಡವೆಂದರೆ ಪಾಚಿ ಎಣ್ಣೆ ಇದೆ. ಮೀನಿಗೂ ಡಿಎಚ್‌ಎ ಬರುವುದು ಸಮುದ್ರದ ಸೂಕ್ಷ್ಮ ಪಾಚಿಯಿಂದಲೇ. ಬೆಲೆ ಜಾಸ್ತಿ, ಹೆಚ್ಚಿನವುಗಳಲ್ಲಿ ಡಿಎಚ್‌ಎಯೇ ಪ್ರಧಾನ, ಕ್ಯಾಪ್ಸೂಲಿನ ಸಿಪ್ಪೆ ಪ್ರಾಣಿಮೂಲದ ಜೆಲಾಟಿನಿನದ್ದಲ್ಲ ಎಂದೂ ನೋಡಿಕೊಳ್ಳಿ. ಹಳಸುವ ವಿಷಯದಲ್ಲಿ ಇದೂ ಮೀನೆಣ್ಣೆಯ ತಮ್ಮನೇ.

ಪ್ರಶ್ನೆ: ನಮ್ಮ 13 ವರ್ಷದ ಬೆಕ್ಕು ತಾರ್ಲೆ (ಬೂತಾಯಿ) ಮೀನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಮೀನಲ್ಲಿ ಒಮೆಗಾ-3 ಇದೆ, ವಯಸ್ಸಿಗೆ ಒಳ್ಳೆಯದು ಅಂತ ಸುಮ್ಮನಿದ್ದೆವು. ಈಗ ಬೆನ್ನು ಸವರಿದರೆ ಕಚ್ಚಲು ಬರುತ್ತದೆ, ಹೊಟ್ಟೆಯ ಚರ್ಮದಡಿ ಗಂಟು ಗಂಟು. — ವಾಸ್ಕೊದ ಓದುಗರು

ಉತ್ತರ: ಇದನ್ನು ಓದಿದ ದಿನವೇ ಬೆಕ್ಕನ್ನು ಡಾಕ್ಟರಿಗೆ ತೋರಿಸಿ. ‘ಹಳದಿ ಕೊಬ್ಬಿನ ಕಾಯಿಲೆ’ ಇರಬಹುದೇ ಎಂದು ಕೇಳಿ. ಕೊಬ್ಬಿರುವ ಮೀನನ್ನೇ ತಿಂಗಳುಗಟ್ಟಲೆ ತಿಂದು, ವಿಟಮಿನ್ ಇ ಸಾಲದೆ ಹೋದಾಗ ಬೆಕ್ಕಿನ ಚರ್ಮದಡಿಯ ಕೊಬ್ಬೇ ಹಳಸುತ್ತದೆ. ಉರಿಯೂತವಾಗಿ ಗಂಟು ಕಟ್ಟುತ್ತದೆ, ಸಿರಾಯ್ಡ್ ಎಂಬ ಬಣ್ಣ ಸೇರಿ ಕೊಬ್ಬು ಹಳದಿ-ಕಿತ್ತಳೆಯಾಗುತ್ತದೆ. ಜ್ವರ, ಊಟ ಬಿಡುವುದು, ಮುಟ್ಟಿದರೆ ನೋವು ಅದರ ಲಕ್ಷಣ. ವಿಟಮಿನ್ ಇ, ಉರಿಯೂತದ ಔಷಧಿ, ಆಹಾರ ಬದಲಾವಣೆಯಿಂದ ವಾಸಿಯಾಗುತ್ತದೆ, ಆದರೆ ವಾರಗಳು ಹಿಡಿಯುತ್ತವೆ.

ಒಂದು ಎಚ್ಚರ: ತಾರ್ಲೆಯನ್ನು ಒಮ್ಮೆಲೇ ನಿಲ್ಲಿಸಿ ಹಟ ಹಿಡಿಯಬೇಡಿ. ಎರಡು-ಮೂರು ದಿನ ಉಪವಾಸ ಬಿದ್ದ ಬೆಕ್ಕಿನ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಅದೇ ಪ್ರಾಣ ತೆಗೆಯಬಹುದು. ಮುಕ್ಕಾಲು ಪಾಲು ಬೇಯಿಸಿದ ಮೀನಿಗೆ ಕಾಲು ಪಾಲು ಬೆಕ್ಕಿನ ಸಿದ್ಧ ಆಹಾರ ಹಿಸುಕಿ ಶುರು ಮಾಡಿ, ಹತ್ತು-ಹದಿನಾಲ್ಕು ದಿನದಲ್ಲಿ ತಿರುವುಮುರುವು ಮಾಡಿ. ಮುಂದೆ ತಾರ್ಲೆ, ಬಂಗುಡೆ ವಾರಕ್ಕೊಂದು ತುಣುಕು ಸಾಕು. ಬೇಯಿಸಿಯೇ ಕೊಡಿ, ಹಸಿ ಮೀನು ಹಲವದರಲ್ಲಿ ವಿಟಮಿನ್ ಬಿ-1 ಅನ್ನು ಒಡೆಯುವ ಕಿಣ್ವ ಇರುತ್ತದೆ. ಐಸಿಲ್ಲದೆ ಬಿಸಿಲಲ್ಲಿ ಕೂತ ಬಂಗುಡೆಯಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಅದು ಬೇಯಿಸಿದರೂ ಹೋಗದು. ಮಳೆಗಾಲದಲ್ಲಿ ಮೀನುಗಾರಿಕೆ ಬಂದಾಗುವ ತಿಂಗಳುಗಳಲ್ಲಿ ಒಣಮೀನಿಗೆ ಇಳಿಯಬೇಡಿ. ಉಪ್ಪಿನ ಮಾತು ಹಾಗಿರಲಿ, ಒಣ ಬಂಗುಡೆಯ ಹೊಟ್ಟೆಯ ಬಳಿ ಕಾಣುವ ತುಕ್ಕಿನ ಬಣ್ಣ ಹಳಸಿದ ಕೊಬ್ಬೇ.

ಪ್ರಶ್ನೆ: ಮುಂದಿನ ತಿಂಗಳು ನಾಯಿಗೆ ಹಲ್ಲಿನ ಆಪರೇಷನ್. ಮೀನೆಣ್ಣೆ ನಿಲ್ಲಿಸಬೇಕೇ? — ಠಾಣೆ

ಉತ್ತರ: ಒಂದೆರಡು ವಾರ ಮೊದಲು ನಿಲ್ಲಿಸುವುದು ವಾಡಿಕೆ, ಪ್ಲೇಟ್‌ಲೆಟ್‌ಗಳ ಅಂಟುವ ಗುಣ ತಗ್ಗುವುದರಿಂದ. ಡಾಕ್ಟರಿಗೆ ಮುಂಚೆಯೇ ಹೇಳಿ. ಗಾಯ ಮಾಗಿದ ಮೇಲೆ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿ.

ಪ್ರಶ್ನೆ: ಹತ್ತು ಸೂಲು ಕಂಡ ಹಸುವಿಗೆ ಮೀನೆಣ್ಣೆ ಕುಡಿಸಿದರೆ ಕಸುವು ಬರುತ್ತದೆಂದು ಯಾರೋ ಹೇಳಿದರು. — ಫೋಂಡಾ

ಉತ್ತರ: ಹಸುವಿನ ಮೊದಲ ಹೊಟ್ಟೆಯ ಬ್ಯಾಕ್ಟೀರಿಯಾಗಳು ಆ ದ್ವಿಬಂಧಗಳಲ್ಲಿ ಬಹುಪಾಲನ್ನು ಹೈಡ್ರೋಜನ್ ಸೇರಿಸಿ ಮುಚ್ಚಿಬಿಡುತ್ತವೆ. ನಿಮ್ಮ ದುಡ್ಡಿನ ಒಮೆಗಾ-3 ರಕ್ತಕ್ಕೆ ಸೇರುವುದು ಸ್ವಲ್ಪವೇ, ಜೊತೆಗೆ ಹಾಲಿನ ಕೊಬ್ಬು ಬೀಳುತ್ತದೆ, ಡೈರಿಯಲ್ಲಿ ರೇಟೂ ಬೀಳುತ್ತದೆ. ಮುದಿ ಹಸುವಿಗೆ ವಿಟಮಿನ್ ಇ ಬೇಕಾದದ್ದು ಹೌದು. ಅದು ಹಸಿ ಹುಲ್ಲಿನಲ್ಲಿ ಧಾರಾಳ, ಬಿಸಿಲಿಗೆ ಒಣಗಿಸಿದ ಬೈಹುಲ್ಲಿನಲ್ಲಿ ಬಹುಪಾಲು ಹೋಗಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬರೀ ಬೈಹುಲ್ಲಿನ ಮೇಲಿದ್ದರೆ ದಿನಕ್ಕೊಂದು ಹೊರೆ ಹಸಿರು ಹೊಂದಿಸಿ, ಸೆಲೆನಿಯಂ ಇರುವ ಖನಿಜ ಮಿಶ್ರಣವನ್ನು ಚೀಲದ ಮೇಲೆ ಬರೆದಷ್ಟೇ ಅಳೆದು ಹಿಂಡಿಯಲ್ಲಿ ಕಲಸಿ.